ಒಂದು ಹಿಡಿ ಅಕ್ಕಿಯಿಂದ ಮಿಷನ್ ಸೇವೆ: ಮಿಜೋರಾಂನಿಂದ ಕಲಿತು ನಮ್ಮ ಸಭೆಯಲ್ಲಿ ಶುರು ಮಾಡುವುದು ಹೇಗೆ

ಮಗಳು ಬೆಂಗಳೂರಿನಲ್ಲಿ ಪಿಜಿ ಬಿಟ್ಟು ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ ಮಾಡಿದಾಗ ನಾನು ಎರಡು ವಾರ ಅಲ್ಲಿದ್ದೆ. ಗೆಳತಿಯರಲ್ಲಿ ಒಬ್ಬಳು ಮಿಜೋರಾಂನ ರಾಜಧಾನಿ ಐಜಾಲ್ ಕಡೆಯವಳು. ಅವಳ ಅಡುಗೆ ಸರದಿ ಬಂದ ದಿನ ಲೋಟದಲ್ಲಿ ಅಕ್ಕಿ ಅಳೆದು ಪಾತ್ರೆಗೆ ಹಾಕಿದಳು. ತೊಳೆಯುವ ಮೊದಲು ಒಂದು ಹಿಡಿ ತೆಗೆದು ಹಳೇ ಹಾರ್ಲಿಕ್ಸ್ ಬಾಟಲಿಗೆ ಸುರಿದಳು. ಅಳತೆ ಜಾಸ್ತಿ ಆಯ್ತೇನೋ ಅಂದುಕೊಂಡೆ. ರಾತ್ರಿಯೂ ಹಾಗೇ ಮಾಡಿದಳು. ಕೇಳಿದ್ದಕ್ಕೆ, "ಇದು ಚರ್ಚಿಗೆ ಆಂಟಿ, ನಮ್ಮನೇಲಿ ಅಮ್ಮ ದಿನಾ ಮಾಡ್ತಾರೆ" ಅಂದಳು.

ಅದಕ್ಕೆ ಅವರ ಭಾಷೆಯಲ್ಲಿ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಅರ್ಥ, ಒಂದು ಹಿಡಿ ಅಕ್ಕಿ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ, ಅಂದರೆ ಆರಿಸಿ ಬಂದ ಹಿರಿಯರು ನಡೆಸುವ ಪ್ರೊಟೆಸ್ಟೆಂಟ್ ಚರ್ಚಿನ, ಮಿಷನ್ ಕೆಲಸಕ್ಕೆ ಹಣ ಬರುವ ದಾರಿಗಳಲ್ಲಿ ಇದೂ ಒಂದು. ನೂರು ವರ್ಷ ದಾಟಿದ ಅಭ್ಯಾಸ. ಊರಿಗೆ ವಾಪಸ್ ಬಂದು ನಮ್ಮ ಸಭೆಯಲ್ಲೂ ಶುರು ಮಾಡಿದೆವು. ನಾಲ್ಕು ವರ್ಷವಾಯಿತು. ಮೊದಲ ವರ್ಷ ಬಹಳ ತಪ್ಪು ಮಾಡಿದೆವು. ಆ ತಪ್ಪುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನೀವಾದರೂ ಎರಡನೇ ವರ್ಷದಿಂದ ಶುರು ಮಾಡಬಹುದು, ಅಲ್ವಾ?

ಮೊದಲು ಕಥೆ ಗೊತ್ತಿರಲಿ

ಯಾರಾದರೂ "ಯಾಕೆ ಅಕ್ಕಿ? ನೂರು ರೂಪಾಯಿ ಕೊಟ್ಟರೆ ಆಗಲ್ವಾ?" ಅಂತ ಕೇಳೇ ಕೇಳುತ್ತಾರೆ. ಉತ್ತರ ಈ ಕಥೆಯಲ್ಲಿದೆ.

ವೇಲ್ಸ್‌ನ ಕ್ಯಾಲ್ವಿನಿಸ್ಟಿಕ್ ಮೆಥಡಿಸ್ಟರು, ಅಂದರೆ ಈಗಿನ ಪ್ರೆಸ್ಬಿಟೇರಿಯನ್ ಚರ್ಚ್ ಆಫ್ ವೇಲ್ಸ್‌ನವರು, ಥಾಮಸ್ ಜೋನ್ಸ್ ಎಂಬುವರನ್ನು ಖಾಸಿ ಬೆಟ್ಟಗಳಿಗೆ ಕಳಿಸಿದರು, ಅವರು 1841ರಲ್ಲಿ ಸೋಹ್ರಾ ತಲುಪಿದರು. ನಮ್ಮ ಪಠ್ಯಪುಸ್ತಕದ ಚಿರಾಪುಂಜಿ ಅದೇ. ಮಿಜೋ ಬೆಟ್ಟಗಳಿಗೆ ಮಿಷನ್ ತಲುಪಿದ್ದು ಐವತ್ತು ವರ್ಷ ತಡವಾಗಿ. 1894ರ ಜನವರಿ 11ರಂದು ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ದೋಣಿಯಲ್ಲಿ ಬಂದು ಸೈರಾಂಗ್‌ನಲ್ಲಿ ಇಳಿದರು. ಮಿಜೋ ಭಾಷೆಗೆ ಅಕ್ಷರ ಕೊಟ್ಟವರು ಅವರೇ. ಆ ದಿನ ಇವತ್ತಿಗೂ ಮಿಜೋರಾಂನಲ್ಲಿ ಸರ್ಕಾರಿ ರಜೆ. ಅವರು ಬೇರೆ ಮಿಷನ್ನಿನವರು. 1897ರಲ್ಲಿ ವೇಲ್ಸ್‌ನ ಡಿ. ಇ. ಜೋನ್ಸ್ ಬಂದು ಅವರ ಕೆಲಸ ವಹಿಸಿಕೊಂಡರು. 1899ರಲ್ಲಿ ಖುಮಾ, ಖಾರಾ ಎಂಬ ಇಬ್ಬರಿಗೆ ಮೊದಲ ದೀಕ್ಷಾಸ್ನಾನ ಆಯಿತು.

ಅಲ್ಲಿಂದ ಬರೀ ಹನ್ನೊಂದು ವರ್ಷಕ್ಕೆ, 1910ರಲ್ಲಿ, ಹೆಂಗಸರು ಹಿಡಿ ಅಕ್ಕಿ ಎತ್ತಿಡಲು ಶುರು ಮಾಡಿದರು. ಕೈಯಲ್ಲಿ ಕಾಸಿಲ್ಲ. ಬೆಟ್ಟದ ಕುಮರಿ ಬೇಸಾಯ, ಬೆಳೆದದ್ದು ಊಟಕ್ಕೆ ಸರಿಹೋಗುತ್ತಿತ್ತು. ಮನೆಯಲ್ಲಿ ಹೆಂಗಸರ ಮಾತು ನಡೆಯುವ ಜಾಗ ಒಂದೇ, ಅಕ್ಕಿ ಅಳೆಯುವ ಜಾಗ. ಅಲ್ಲಿಂದಲೇ ತೆಗೆದರು. ಊರೂರು ತಿರುಗಿ ಸುವಾರ್ತೆ ಹೇಳುವ ಹೆಂಗಸರ ಖರ್ಚಿಗೆ ಆ ಅಕ್ಕಿ ಮಾರಿ ಬಂದ ಹಣ ಹೋಯಿತು. ಮರುವರ್ಷವೇ ಬಿದಿರು ಹೂ ಬಿಟ್ಟು, ಇಲಿ ಹೆಚ್ಚಿ, ಬೆಳೆ ಹಾಳಾಗಿ ಬರಗಾಲ ಬಂತು. ಅಲ್ಲಿನವರು ಅದನ್ನು ಮಾವ್‌ತಾಮ್ ಅನ್ನುತ್ತಾರೆ. 1911-12ರ ಆ ಹಸಿವನ್ನೂ ದಾಟಿ ಈ ಅಭ್ಯಾಸ ಉಳಿಯಿತು.

1968ರಲ್ಲಿ ವೇಲ್ಸ್‌ನ ಕೊನೆಯ ಮಿಷನರಿಗಳು ಮಿಜೋರಾಂ ಬಿಟ್ಟು ಹೋದರು. ಅಷ್ಟು ಹೊತ್ತಿಗೆ ಸಭೆ ತನ್ನ ಕಾಲ ಮೇಲೆ ನಿಂತಿತ್ತು. ಇವತ್ತು ಐಜಾಲ್‌ನ ಸಿನೊಡ್ ಮಿಷನ್ ಬೋರ್ಡು ಅಸ್ಸಾಂನ ಬರಾಕ್ ಕಣಿವೆ, ಕಾರ್ಬಿ ಆಂಗ್ಲಾಂಗ್, ಕೊಲ್ಕತ್ತಾ ಅಂತೆಲ್ಲ ಸೇವಕರನ್ನು, ಅಂದರೆ ಮಿಷನರಿಗಳನ್ನು, ಕಳಿಸುತ್ತದೆ. ವೇಲ್ಸ್‌ಗೂ ಮಿಜೋ ಮಿಷನರಿ ಹೋಗಿದ್ದಾರೆ! ಯಾವ ಊರಿನ ಚರ್ಚು ಇವರಿಗೆ ಸುವಾರ್ತೆ ತಂದಿತೋ ಆ ಚರ್ಚಿನಲ್ಲಿ ಈಗ ಬೆಂಚು ಖಾಲಿ, ಇವರು ಹೋಗಿ ಕೈ ಹಿಡಿದಿದ್ದಾರೆ.

ಕನ್ನಡದವರಿಗೂ ಇದು ಪೂರ್ತಿ ದೂರದ ಮಾತಲ್ಲ. 1866ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗಾಗಿ ಕಟ್ಟಿದ್ದು. 1908ರಲ್ಲಿ ದಕ್ಷಿಣದ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್‌ನವರೂ ಒಂದಾದರು. 1947ರಲ್ಲಿ ಆ ಸಭೆ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಒಳಗೆ ಸೇರಿತು. ಮಂಗಳೂರು, ಧಾರವಾಡದ ಕಡೆ ಕೆಲಸ ಮಾಡಿದ ಬಾಸೆಲ್ ಮಿಷನ್ ಪ್ರೆಸ್ಬಿಟೇರಿಯನ್ ಅಲ್ಲ, ಆದರೆ ಅದರ ಹಿಂದೆಯೂ ಇಂಥದ್ದೇ ಲೆಕ್ಕ ಇತ್ತು. 1855ರಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಕಡೆಯ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಒಂದು ಪುಡಿಗಾಸು, ಎತ್ತಿಟ್ಟು ಮಿಷನ್ನಿಗೆ ಕೊಡುತ್ತಿದ್ದರು. ನಮ್ಮ ಮಂಗಳೂರಿನ ಶಾಲೆ, ಮುದ್ರಣದ ಕೆಲಸದಲ್ಲಿ ಆ ಪುಡಿಗಾಸಿನ ಪಾಲೂ ಇದೆ.

ಹೆಜ್ಜೆ 1: ಯಾರ ಕೆಲಸಕ್ಕೆ ಅಂತ ತೀರ್ಮಾನ ಮಾಡಿ

ಡಬ್ಬಿ ಹಂಚುವ ಮೊದಲು ಇದು ಆಗಬೇಕು. "ಮಿಷನ್ನಿಗೆ" ಅಂದರೆ ಯಾರಿಗೂ ಏನೂ ಅರ್ಥ ಆಗುವುದಿಲ್ಲ. ಒಂದು ಕೆಲಸ, ಒಂದು ಊರು, ಸಾಧ್ಯವಾದರೆ ಒಬ್ಬ ಸೇವಕರ ಕುಟುಂಬ. ಹಳ್ಳಿಯ ಶಾಲೆ ಆಗಬಹುದು, ಆಸ್ಪತ್ರೆಯ ನರ್ಸಿಂಗ್ ವಿದ್ಯಾರ್ಥಿನಿಯ ಫೀಸು ಆಗಬಹುದು.

ಹಣ ಮಾತ್ರ ವ್ಯಕ್ತಿಯ ಕೈಗೆ ಹೋಗಬಾರದು, ಬೋರ್ಡಿಗೆ ಹೋಗಬೇಕು. ಪ್ರೆಸ್ಬಿಟೇರಿಯನ್ ಪದ್ಧತಿಯ ಗುಟ್ಟೇ ಇದು. ಊರಿನ ಸಭೆಗೆ ಆರಿಸಿ ಬಂದ ಹಿರಿಯರು, ಅದರ ಮೇಲೆ ಹಲವು ಸಭೆಗಳ ಮಂಡಳಿ ಪ್ರೆಸ್ಬಿಟರಿ, ಅದರ ಮೇಲೆ ಎಲ್ಲಕ್ಕೂ ದೊಡ್ಡ ಮಂಡಳಿ ಸಿನೊಡ್. ಯಾರೂ ಒಬ್ಬರೇ ಕೂತು ದುಡ್ಡು ತೀರ್ಮಾನ ಮಾಡುವ ಹಾಗಿಲ್ಲ. ಮಿಜೋರಾಂನಲ್ಲಿ ಮಿಷನರಿಗೆ ಸಂಬಳ ಕೊಡುವುದು ಬೋರ್ಡು. ಒಬ್ಬ ಸೇವಕರಿಗೆ ಮಾತಿನ ಕಲೆ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ದರೂ ಇಬ್ಬರ ಮನೆಯಲ್ಲೂ ಒಲೆ ಉರಿಯುತ್ತದೆ.

ನಾವು ಮೊದಲ ವರ್ಷ ಇದನ್ನು ಮಾಡಲಿಲ್ಲ. ವಾಟ್ಸಾಪ್‌ನಲ್ಲಿ ಬಂದ ಮಕ್ಕಳ ಫೋಟೋ ನೋಡಿ ಮನಸ್ಸು ಕರಗಿ ಒಂದು ಕಡೆ ಹಣ ಕಳಿಸಿದೆವು. ಹನ್ನೆರಡು ತಿಂಗಳು ಕಳಿಸಿದೆವು. ಲೆಕ್ಕ ಕೇಳಿದಾಗ ಇನ್ನಷ್ಟು ಫೋಟೋ ಬಂತು! ಈಗ ನಾಲ್ಕು ಕಾಗದ ಇಲ್ಲದೆ ಮಾತೇ ಇಲ್ಲ: ನೋಂದಣಿ, ಕಳೆದ ವರ್ಷದ ಆಡಿಟ್ ಆದ ಲೆಕ್ಕ, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಮಕ್ಕಳ ಸುರಕ್ಷತೆಗೆ ಬರೆದಿಟ್ಟ ನಿಯಮ. ಕೇಳಲು ನಾಚಿಕೆ ಬೇಡ. ಸರಿಯಾದ ಸಂಸ್ಥೆಗಳು ಖುಷಿಯಿಂದಲೇ ಕೊಡುತ್ತವೆ.

ಹೆಜ್ಜೆ 2: ಡಬ್ಬಿ

ಮುಚ್ಚಳ ಬಿಗಿಯಾದ, ಎರಡು ಮೂರು ಕೆಜಿ ಹಿಡಿಯುವ ಡಬ್ಬಿ ಸಾಕು. ಹೊಸದು ಕೊಂಡು ಹಂಚಬೇಡಿ, ಎಲ್ಲರ ಮನೆಯಲ್ಲೂ ಹಳೆ ಡಬ್ಬಿ ಇರುತ್ತದೆ. ಇಡುವ ಜಾಗ ಮಾತ್ರ ಮುಖ್ಯ. ಅಕ್ಕಿ ಡಬ್ಬಿಯ ಪಕ್ಕದಲ್ಲೇ ಇರಬೇಕು. ಶೋಕೇಸಿನಲ್ಲಿ ಇಟ್ಟ ಡಬ್ಬಿ ತುಂಬಿದ್ದನ್ನು ನಾನು ನೋಡಿಲ್ಲ.

ಅಳೆದು ಆದ ಮೇಲೆ, ಅಳೆದದ್ದರಿಂದಲೇ ಒಂದು ಹಿಡಿ ತೆಗೆಯಬೇಕು. ಚೀಲದಿಂದ ಬೇರೆಯಾಗಿ ತೆಗೆದರೆ ಅದು ದಾನ ಆಗುತ್ತದೆ, ಸರಿ. ಆದರೆ ಅಳೆದದ್ದರಿಂದ ತೆಗೆದರೆ ಅವತ್ತಿನ ಅನ್ನ ಒಂದು ತುತ್ತು ಕಡಿಮೆ. ಮಿಜೋ ಅಡುಗೆಮನೆಯಲ್ಲಿ ಇದು ಇಷ್ಟು ವರ್ಷ ನಡೆದು ಬಂದದ್ದು ಆ ಒಂದು ತುತ್ತಿನಿಂದ ಅಂತ ನನಗನ್ನಿಸುತ್ತದೆ. ಮನೆಯವರೆಲ್ಲ ಸೇರಿ ಕೊಟ್ಟ ಹಾಗೆ.

ಇನ್ನು ಹಿಡಿ ಯಾರದ್ದು? ಮಗುವಿನದ್ದಾದರೆ ಒಳ್ಳೆಯದು. ನಮ್ಮ ಬೀದಿಯ ಒಂದು ಮನೆಯಲ್ಲಿ ಐದು ವರ್ಷದ ಹುಡುಗ ತಾನೇ ಹಾಕಬೇಕು ಅಂತ ಹಟ. ಅಜ್ಜಿ ಮರೆತು ಅಕ್ಕಿ ತೊಳೆದುಬಿಟ್ಟರೆ ಅಳು. ಅವನ ಹಿಡಿಯಲ್ಲಿ ಹದಿನೈದು ಗ್ರಾಂ ಬಂದರೆ ಹೆಚ್ಚು. ಆದರೆ ಆ ಮನೆಯ ಡಬ್ಬಿ ಒಂದು ತಿಂಗಳೂ ಖಾಲಿ ಬಂದಿಲ್ಲ.

ರಾಗಿ ಉಣ್ಣುವ ಕಡೆ ರಾಗಿ, ಜೋಳದ ಕಡೆ ಜೋಳ. ಅಕ್ಕಿಯೇ ಆಗಬೇಕೆಂದು ಹಟ ಬೇಡ.

ಒಂದು ಎಚ್ಚರಿಕೆ. ರೇಷನ್ ಅಕ್ಕಿ ಮಾರುವುದು ಅಪರಾಧ. ಡಬ್ಬಿಯ ಅಕ್ಕಿಯಲ್ಲಿ ಅದು ಬೆರೆತು ಹರಾಜಿಗೆ ಹೋದರೆ ಆ ಬಡ ಮನೆಯವರಿಗೇ ತೊಂದರೆ. ಹಾಗಂತ "ನಿಮ್ಮದು ಬೇಡ" ಅಂದರೆ ಇನ್ನೂ ದೊಡ್ಡ ತಪ್ಪು. ನಾವು ಮೊದಲಿನಿಂದಲೇ ಎಲ್ಲ ಮನೆಗೂ ಎರಡು ದಾರಿ ಹೇಳುತ್ತೇವೆ: ಅಂಗಡಿಯಿಂದ ತಂದ ಯಾವುದಾದರೂ ಕಾಳಿನ ಒಂದು ಹಿಡಿ, ಇಲ್ಲವೇ ಅಡುಗೆಯ ಹೊತ್ತಿಗೆ ಒಂದು ನಾಣ್ಯ. ಯಾರು ಯಾವುದು ಆರಿಸಿದರು ಅಂತ ಯಾರೂ ಕೇಳುವುದಿಲ್ಲ.

ಹೆಜ್ಜೆ 3: ಒಟ್ಟು ಮಾಡುವುದು, ತೂಗುವುದು, ಮಾರುವುದು

ಮಿಜೋರಾಂನಲ್ಲಿ ಕೊಹ್ರಾನ್ ಹ್ಮೆಯ್ಚಿಯಾ, ಅಂದರೆ ಸಭೆಯ ಹೆಂಗಸರ ಸಂಘ, ಮನೆಮನೆಗೆ ಹೋಗಿ ಒಟ್ಟು ಮಾಡುತ್ತದೆ. ಡಬ್ಬಿಯನ್ನು ಚರ್ಚಿಗೆ ತನ್ನಿ ಅಂದರೆ ಅರ್ಧ ಜನ ಮರೆಯುತ್ತಾರೆ. ಮನೆಗೆ ಹೋದರೆ ಒಂದು ಲೋಟ ಕಾಫಿ ಸಿಗುತ್ತದೆ, ಯಾರಿಗೆ ಹುಷಾರಿಲ್ಲ ಅಂತ ಗೊತ್ತಾಗುತ್ತದೆ, ಮೂರು ವಾರದಿಂದ ಆರಾಧನೆಗೆ ಯಾಕೆ ಬಂದಿಲ್ಲ ಅನ್ನುವುದೂ ತಿಳಿಯುತ್ತದೆ. ನಿಜ ಹೇಳಬೇಕೆಂದರೆ ಅಕ್ಕಿಗಿಂತ ಇದರಿಂದಲೇ ನಮ್ಮ ಸಭೆಗೆ ಜಾಸ್ತಿ ಲಾಭ ಆಯಿತು.

ಲೆಕ್ಕ ಮೊದಲೇ ತಿಳಿದಿರಲಿ, ಆಮೇಲೆ ಬೇಜಾರಾಗಬಾರದು. ನನ್ನ ಹಿಡಿ ತೂಗಿ ನೋಡಿದೆ, 45 ಗ್ರಾಂ ಬಂತು. ದಿನಕ್ಕೆ ಎರಡು ಹಿಡಿ ಅಂದರೆ ತಿಂಗಳಿಗೆ 2.7 ಕೆಜಿ. ನಲವತ್ತು ಮನೆ ಅಂದರೆ 108 ಕೆಜಿ. ಇದು ಕಾಗದದ ಮೇಲಿನ ಲೆಕ್ಕ. ಊರಿಗೆ ಹೋದ ದಿನ, ದೋಸೆ ತಿಂದ ದಿನ, ಮರೆತ ದಿನ ಎಲ್ಲ ಕಳೆದರೆ ಅರ್ಧ ಬಂದರೆ ಪುಣ್ಯ. ಕೆಜಿಗೆ 40 ರೂಪಾಯಿ ಹಿಡಿದರೂ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಇಷ್ಟೇನಾ ಅನ್ನಿಸಬಹುದು. ಒಂದು ಮಗುವಿನ ಹಾಸ್ಟೆಲ್ ಊಟಕ್ಕೆ ದಾರಿ ಆಗುತ್ತದೆ.

ದೊಡ್ಡ ತಲೆನೋವು ಅಂದರೆ ಮಿಶ್ರ ಅಕ್ಕಿ. ಸೋನಾ ಮಸೂರಿ, ಕುಚ್ಚಲಕ್ಕಿ, ದೋಸೆ ಅಕ್ಕಿ ಎಲ್ಲ ಒಂದೇ ಚೀಲಕ್ಕೆ ಬಿದ್ದರೆ ಯಾವ ಅಂಗಡಿಯವರೂ ಮುಟ್ಟುವುದಿಲ್ಲ. ಮೊದಲ ಮಳೆಗಾಲ ನಮ್ಮದು ಒಂದು ಮೂಟೆ ನುಸಿ ಹಿಡಿದು ಕೋಳಿಗೆ ಹೋಯಿತು. ಈಗ ಮೂರು ಬಕೆಟ್ ತೆಗೆದುಕೊಂಡು ಹೋಗುತ್ತಾರೆ, ಬಿಳಿ ಅಕ್ಕಿಗೆ ಒಂದು, ಕುಚ್ಚಲಕ್ಕಿಗೆ ಒಂದು, ಉಳಿದದ್ದಕ್ಕೆ ಒಂದು. ಡಬ್ಬಿಯಲ್ಲಿ ನಾಲ್ಕು ಒಣಮೆಣಸಿನಕಾಯಿ ಹಾಕಿಡಲು ಹೇಳಿ, ಬೇವಿನ ಸೊಪ್ಪೂ ಆಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಖಾಲಿ ಮಾಡಿ. ಮಿಶ್ರ ಅಕ್ಕಿಯನ್ನು ಹಾಸ್ಟೆಲ್‌ಗಳು ಇಡ್ಲಿಗೆ ತೆಗೆದುಕೊಳ್ಳುತ್ತವೆ.

ಮಾರಲು ಒಳ್ಳೆಯ ದಿನ ಚರ್ಚಿನ ಸುಗ್ಗಿ ಹಬ್ಬ. ಹರಾಜಿನಲ್ಲಿ ಎರಡು ಕೆಜಿ ಅಕ್ಕಿಗೆ ಐನೂರು ರೂಪಾಯಿ ಕೂಗುವ ಮಾವಂದಿರು ಎಲ್ಲ ಸಭೆಯಲ್ಲೂ ಇರುತ್ತಾರೆ!

ಹೆಜ್ಜೆ 4: ಹುಡುಗ ಹುಡುಗಿಯರ ಕೈಗೆ ನಿಜವಾದ ಕೆಲಸ ಕೊಡಿ

ಇಲ್ಲಿಗೆ ಸ್ವಲ್ಪ ನಿಧಾನ ಮಾಡುತ್ತೇನೆ. ಹೆಚ್ಚಿನ ಸಭೆಗಳು ಎಡವುವುದು ಇಲ್ಲೇ.

ನಮ್ಮಲ್ಲಿ ಯುವಜನರ ಭಾನುವಾರ ಹೇಗಿರುತ್ತದೆ? "ಯುವಕರು ಮುಂದೆ ಬರಬೇಕು" ಅಂತ ಎಪ್ಪತ್ತು ವರ್ಷದವರು ಮುಕ್ಕಾಲು ಗಂಟೆ ಹೇಳುತ್ತಾರೆ. ಯುವಕರು ಹಿಂದೆ ಕೂತು ಕೇಳುತ್ತಾರೆ. ಆಮೇಲೆ ಕುರ್ಚಿ ಎತ್ತಿಡುತ್ತಾರೆ. ಮಾರನೇ ವರ್ಷ ಅವರು ಬರುವುದಿಲ್ಲ. ತಪ್ಪು ಯಾರದ್ದು?

ಮಿಜೋರಾಂನಲ್ಲಿ 1950ರ ದಶಕದಿಂದ ಕ್ರಿಸ್ತಿಯನ್ ಥಲಾಯ್ ಪಾಲ್ ಅಂತ ಸಭೆಯ ಯುವಜನರ ಸಂಘ ಇದೆ. ಎಲ್ಲರೂ ಕೆಟಿಪಿ ಅನ್ನುತ್ತಾರೆ. ಅದರ ಪದಾಧಿಕಾರಿಗಳನ್ನು ಅವರೇ ಆರಿಸುತ್ತಾರೆ, ಲೆಕ್ಕ ಅವರೇ ಬರೆಯುತ್ತಾರೆ. ಬಡವರಿಗೆ ಮನೆ ಕಟ್ಟಿಕೊಡಲು ಮರ ಹೊರುತ್ತಾರೆ. ಇದರ ಪಕ್ಕದಲ್ಲೇ ಯಂಗ್ ಮಿಜೋ ಅಸೋಸಿಯೇಷನ್ ಅಂತ ಇನ್ನೊಂದಿದೆ, ವೇಲ್ಸ್ ಮಿಷನರಿಗಳೇ ಮುಂದೆ ನಿಂತು 1935ರಲ್ಲಿ ಶುರು ಮಾಡಿದ್ದು. ಊರಲ್ಲಿ ಯಾರಾದರೂ ತೀರಿಹೋದರೆ ಗುಂಡಿ ತೋಡುವವರು ಆ ಹುಡುಗರೇ. ರಾತ್ರಿ ಆ ಮನೆಯಲ್ಲಿ ಹಾಡುತ್ತಾ ಕೂರುವವರೂ ಅವರೇ. ಹದಿನೆಂಟರ ಹುಡುಗನಿಗೆ "ನೀನಿಲ್ಲದಿದ್ದರೆ ಈ ಕೆಲಸ ನಿಲ್ಲುತ್ತದೆ" ಅನ್ನುವುದು ಅಲ್ಲಿ ದಿನಾ ಗೊತ್ತಾಗುತ್ತದೆ. ಭಾಷಣದಿಂದ ಅದು ಬರಲ್ಲ.

ಹಾಗಾಗಿ ನಾವು ಹೀಗೆ ಮಾಡಿದೆವು. ಅಕ್ಕಿ ಎತ್ತಿಡುವುದು ಮನೆಯವರ ಕೆಲಸ. ಒಟ್ಟು ಮಾಡುವುದರಿಂದ ಹಿಡಿದು ಹಣ ಕಳಿಸುವ ತನಕ ಉಳಿದದ್ದೆಲ್ಲ ಯೂತ್ ಫೆಲೋಶಿಪ್‌ನ ಕೆಲಸ. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಒಬ್ಬ ಹಿರಿಯರು ಜೊತೆಗಿರುತ್ತಾರೆ, ಅಷ್ಟೇ. ಚೆಕ್ಕಿಗೆ ಎರಡು ಸಹಿ, ಒಂದು ಆ ಹಿರಿಯರದ್ದು, ಇನ್ನೊಂದು ಹದಿನೆಂಟು ದಾಟಿದ ಯುವಜನರಲ್ಲಿ ಒಬ್ಬರದ್ದು. ಈ ಎರಡನೇ ಸಹಿಗೆ ನಮ್ಮ ಕಮಿಟಿಯಲ್ಲಿ ಮೂರು ಮೀಟಿಂಗ್ ಜಗಳ ಆಯಿತು. "ಮಕ್ಕಳ ಕೈಗೆ ದುಡ್ಡಾ?" ಅಂದರು. ಅದೇ ಮಕ್ಕಳು ಕಂಪನಿಗಳಲ್ಲಿ ಕೋಟಿಗಟ್ಟಲೆ ಲೆಕ್ಕ ನೋಡುತ್ತಾರೆ ಅಂತ ನಮ್ಮ ಪಾಸ್ಟರ್ ಅಯ್ಯನವರು ನೆನಪಿಸಿದ ಮೇಲೆ ಸುಮ್ಮನಾದರು.

ವಯಸ್ಸಿಗೆ ತಕ್ಕ ಹಾಗೆ ಕೆಲಸ ಹಂಚಿ. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ತೂಗುವ ಕೆಲಸ ಬಹಳ ಇಷ್ಟ. ತಕ್ಕಡಿ ನೋಡಿ ಜೋರಾಗಿ ಕೂಗಲಿ, ಗೋಡೆಯ ಚಾರ್ಟಿನಲ್ಲಿ ಬಣ್ಣ ತುಂಬಲಿ. ಹೈಸ್ಕೂಲಿನವರಿಗೆ ಪತ್ರ. ಸೇವಕರ ಮನೆಯ ಮಕ್ಕಳಿಗೆ ಕೈಯಲ್ಲಿ ಬರೆದ ಪತ್ರ, ತಮ್ಮ ಊರಿನ ಮಳೆ, ಪರೀಕ್ಷೆ, ಕ್ರಿಕೆಟ್ ಬಗ್ಗೆ. "ನಾವು ನಿಮಗೆ ಸಹಾಯ ಮಾಡುತ್ತಿದ್ದೇವೆ" ಅನ್ನುವ ಒಂದು ಸಾಲೂ ಅದರಲ್ಲಿ ಇರಬಾರದು. ಕಾಲೇಜಿನವರು ಮನೆಮನೆಗೆ ಹೋಗಲಿ, ಇಬ್ಬಿಬ್ಬರಾಗಿ. ಕೆಲಸಕ್ಕೆ ಹೋಗುವವರು ಲೆಕ್ಕ, ಬ್ಯಾಂಕು, ವರದಿ ನೋಡಿಕೊಳ್ಳಲಿ. ಮುಂದಿನ ವರ್ಷ ಯಾವ ಕೆಲಸಕ್ಕೆ ಕೊಡಬೇಕು ಅನ್ನುವ ತೀರ್ಮಾನದಲ್ಲೂ ಅವರ ಮತ ಎಣಿಕೆಗೆ ಬರಬೇಕು. ಅದು ಇಲ್ಲದಿದ್ದರೆ ಇದೂ ಕುರ್ಚಿ ಎತ್ತಿಡುವ ಕೆಲಸವೇ.

ಹದಿನೆಂಟರ ಒಳಗಿನವರು ಎಲ್ಲಿಗೆ ಹೋದರೂ ಜೊತೆಗೆ ಇಬ್ಬರು ದೊಡ್ಡವರು ಇರಬೇಕು, ಒಬ್ಬರು ಸಾಲದು. ಮಕ್ಕಳ ಫೋಟೋ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬಾರದು. ನಮ್ಮ ಮಕ್ಕಳಿಗೆ ಇರುವ ನಿಯಮವೇ ಅಲ್ಲಿನ ಮಕ್ಕಳಿಗೂ.

ಹೆಜ್ಜೆ 5: ಅವರ ಪ್ರಶ್ನೆಗಳಿಗೆ ಹೆದರಬೇಡಿ

ಯುವಜನರು ಕೇಳುವ ಮೊದಲ ಪ್ರಶ್ನೆ ನಿಮಗೆ ಗೊತ್ತು. "ಮಿಷನ್ ಅಂದ್ರೆ ಬ್ರಿಟಿಷರ ಕೆಲಸ ಅಲ್ವಾ?" ಬೈದು ಬಾಯಿ ಮುಚ್ಚಿಸಿದರೆ ಅವರು ಉತ್ತರವನ್ನು ಬೇರೆ ಕಡೆ ಹುಡುಕುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ಮಿಜೋ ಬೆಟ್ಟಗಳಲ್ಲಿ ಮೊದಲು ಬಂದು ನೆಲೆಯೂರಿದ್ದು ಬ್ರಿಟಿಷ್ ಸೈನ್ಯ, 1889-90ರಲ್ಲಿ. ಮಿಷನರಿಗಳು ಬಂದದ್ದು ಅದರ ಹಿಂದೆ. ಆ ಸರ್ಕಾರದ ನೆರಳಿನಲ್ಲೇ ಅವರು ಇದ್ದರು. ಶುರುವಿನಲ್ಲಿ ಮಿಜೋ ಜನರ ಡೋಲು ಖುವಾಂಗ್‌ಗೆ ಚರ್ಚಿನೊಳಗೆ ಜಾಗ ಇರಲಿಲ್ಲ. ಇವತ್ತು ಅದಿಲ್ಲದೆ ಅಲ್ಲಿ ಹಾಡೇ ಇಲ್ಲ. ಜನರೇ ಅದನ್ನು ಒಳಗೆ ತಂದರು.

ಇದೇ ಕಥೆಯಲ್ಲಿ ಡಾಕ್ಟರ್ ಪೀಟರ್ ಫ್ರೇಸರ್ ಕೂಡ ಇದ್ದಾರೆ. 1908ರಲ್ಲಿ ಐಜಾಲ್‌ಗೆ ಬಂದ ವೇಲ್ಸ್‌ನ ಮಿಷನ್ ಡಾಕ್ಟರು. ಅಲ್ಲಿ ಬಾಯ್ ಅನ್ನುವ ಪದ್ಧತಿ ಇತ್ತು, ಬಡವರು ಊರಿನ ಮುಖ್ಯಸ್ಥನ ಮನೆಯಲ್ಲಿ ಕಟ್ಟುಬಿದ್ದು ದುಡಿಯಬೇಕು. ಇದು ಗುಲಾಮಗಿರಿ ಅಂತ ಅವರು ಎದ್ದು ನಿಂತರು. ಮುಖ್ಯಸ್ಥರ ಜೊತೆ ಚೆನ್ನಾಗಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಕೊನೆಗೆ ಅವರು ಜಿಲ್ಲೆಯನ್ನೇ ಬಿಡಬೇಕಾಯಿತು. ಮಿಷನ್ನೂ ಸರ್ಕಾರವೂ ಒಂದೇನಾ ಅನ್ನುವ ಚರ್ಚೆಗೆ ಇವರ ಕಥೆ ಇಡಿ. ನಮ್ಮ ಹುಡುಗರು ಎರಡು ಗಂಟೆ ಜಗಳ ಆಡಿದರು, ಯಾರೂ ಮೊಬೈಲ್ ತೆಗೆಯಲಿಲ್ಲ.

ಎರಡನೇ ಪ್ರಶ್ನೆ ಮತಾಂತರದ್ದು. ನಮ್ಮ ನಿಲುವನ್ನು ಬರೆದು ಗೋಡೆಗೆ ಹಾಕಿದ್ದೇವೆ: ಅನ್ನ, ಔಷಧಿ, ಫೀಸು ಯಾವುದಕ್ಕೂ ಷರತ್ತಿಲ್ಲ. ಷರತ್ತು ಇಟ್ಟು ಕೊಡುವ ಸಂಸ್ಥೆಗೆ ನಮ್ಮ ಅಕ್ಕಿ ಹೋಗುವುದಿಲ್ಲ.

ಹೆಜ್ಜೆ 6: ಅನ್ನ ಬೇಯಿಸದ ಮನೆಗಳು

ಬೆಂಗಳೂರಿನಲ್ಲಿ ಪಿಜಿಯಲ್ಲಿರುವ ಹುಡುಗನಿಗೆ ಅಕ್ಕಿ ಎಲ್ಲಿಂದ? ಮೂರು ಹೊತ್ತೂ ಆರ್ಡರ್. ನಾವು ಯುಪಿಐ ಪ್ರಯೋಗ ಮಾಡಿದೆವು. ತಿಂಗಳಿಗೊಮ್ಮೆ ತಾನಾಗಿ ಕಟ್ ಆಗುವ ಹಾಗೆ ಇಟ್ಟವರು ಮೂರನೇ ತಿಂಗಳಿಗೆ ಅದನ್ನು ಪೂರ್ತಿ ಮರೆತರು. ಹಣ ಬರುತ್ತಿತ್ತು, ಆದರೆ ಅದು ಯಾರಿಗೆ ಹೋಗುತ್ತದೆ ಅಂತ ಕೇಳಿದರೆ ಅವರಿಗೇ ಗೊತ್ತಿಲ್ಲ. ಅದಕ್ಕೆ ಈಗ ಬೇರೆ ಥರ. ಪ್ರತಿ ಸಲ ಊಟ ಆರ್ಡರ್ ಮಾಡಿದಾಗ ಹತ್ತು ರೂಪಾಯಿ ತಾವೇ ಕಳಿಸುತ್ತಾರೆ, ಸಭೆಯ ಖಾತೆಯ ಕ್ಯೂಆರ್‌ಗೆ. ಕಿರಿಕಿರಿ ಅನ್ನಿಸುತ್ತದೆ, ನಿಜ. ಆ ಕಿರಿಕಿರಿ ಇರಲಿ ಅಂತಲೇ ಹೀಗೆ ಮಾಡಿದ್ದು. ಯಾರದ್ದೋ ಸ್ವಂತ ನಂಬರಿಗೆ ಹಣ ತರಿಸಬೇಡಿ, ಎಷ್ಟೇ ನಂಬಿಕಸ್ಥರಾಗಿರಲಿ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಿಜೋ ಹುಡುಗ ಹುಡುಗಿಯರು ಸಾಕಷ್ಟು ಇದ್ದಾರೆ. ಅವರನ್ನು ಕರೆಯಿರಿ. ಬಿದಿರಿನ ನೃತ್ಯ ಮಾಡಿಸಿ ಚಪ್ಪಾಳೆ ತಟ್ಟಿ ಕಳಿಸಲು ಅಲ್ಲ. ಊಟಕ್ಕೆ ಕರೆಯಿರಿ, ಹಾಡು ಕಲಿಸಲು ಕೇಳಿ. ಅವರು ಸೊಲ್ಫಾ, ಅಂದರೆ ಡೊ-ರೆ-ಮಿ ಅಕ್ಷರದ ಸ್ವರಲಿಪಿ, ನೋಡಿ ನಾಲ್ಕು ದನಿಯಲ್ಲಿ ಹಾಡುವುದನ್ನು ಕೇಳಿದ ಮೇಲೆ ನಮ್ಮ ಕ್ವಾಯರ್ ಒಂದು ವಾರ ಮೌನ!

ಹೆಜ್ಜೆ 7: ಕಾನೂನಿನ ಲೆಕ್ಕ

ಚಿಕ್ಕದಾಗಿ ಹೇಳುತ್ತೇನೆ, ಆದರೆ ಬಿಡಬೇಡಿ. ದುಬೈಯಲ್ಲಿರುವ ಅಣ್ಣನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡ ಅಕ್ಕ ಕಳಿಸಿದರೆ ಆಗುತ್ತದೆ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿಯೇ. ವಿದೇಶಿ ದೇಣಿಗೆ ಕಾನೂನಿನ ಕೆಳಗೆ ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಭೆ ಅದನ್ನು ಮುಟ್ಟಬಾರದು. ನೋಂದಣಿ ಇದ್ದವರೂ 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಅಕ್ಕನಿಗೆ ಪ್ರೀತಿಯಿಂದ ಬೇಡ ಅನ್ನಿ, ಪ್ರಾರ್ಥನೆ ಮಾಡಲು ಹೇಳಿ.

ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ಹೆಸರಾದದ್ದು) ಬೇಕು ಅನ್ನುವವರಿಗೆ: ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ. ಪಡೆಯುವ ಸಂಸ್ಥೆಗೆ ಆ ಮಾನ್ಯತೆ ಇದೆಯಾ ಅಂತ ಮೊದಲೇ ಕೇಳಿ.

ಹೆಜ್ಜೆ 8: ಹೋಗಿ ನೋಡಿ ಬನ್ನಿ

ಎರಡು ವರ್ಷಕ್ಕೊಮ್ಮೆ ನಾಲ್ಕೈದು ಯುವಜನರನ್ನು ಕಳಿಸಿ. ಖರ್ಚು ಅಕ್ಕಿಯ ಹಣದಿಂದ ಬೇಡ, ಬೇರೆ ಜೋಡಿಸಿ. ನಿಮ್ಮ ಅಕ್ಕಿ ಬೀದರ್ ಕಡೆಯ ಶಾಲೆಗೆ ಹೋಗುತ್ತಿದ್ದರೆ ಬೀದರ್‌ಗೇ ಹೋಗಿ. ಮಿಜೋರಾಂಗೆ ಹೋಗುವುದಾದರೆ ನಾಲ್ಕು ವಿಷಯ.

ಹೊರ ರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ವಿಮಾನದಲ್ಲಿ ಹೋದರೆ ಲೆಂಗ್‌ಪುಯಿ ನಿಲ್ದಾಣದಲ್ಲೇ ಸಿಗುತ್ತದೆ. ಕೊಲ್ಕತ್ತಾ, ಗುವಾಹಟಿ, ದೆಹಲಿಯ ಮಿಜೋರಾಂ ಕಚೇರಿಗಳಲ್ಲೂ ಕೊಡುತ್ತಾರೆ. ರೈಲಿನಲ್ಲೂ ಹೋಗಬಹುದು. ಲೊರೇನ್ ಮತ್ತು ಸ್ಯಾವಿಜ್ ದೋಣಿಯಿಂದ ಇಳಿದ ಅದೇ ಸೈರಾಂಗ್‌ಗೆ 2025ರ ಸೆಪ್ಟೆಂಬರಿನಲ್ಲಿ ರೈಲು ಬಂತು. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಅಕ್ಟೋಬರ್ ದಾಟಲಿ.

ಭಾನುವಾರ ಅಂಗಡಿ, ಹೋಟೆಲ್ ಏನೂ ತೆರೆದಿರುವುದಿಲ್ಲ. ಶನಿವಾರವೇ ತಿಂಡಿ ಕೊಂಡಿಡಿ. ಹಿಂದಿ ಎಲ್ಲರಿಗೂ ಬರುವುದಿಲ್ಲ. ಎದುರಿಗೆ ಸಿಕ್ಕವರಿಗೆ "ಚಿಬಾಯ್" ಅನ್ನಿ, ನಮ್ಮ ನಮಸ್ಕಾರದ ಹಾಗೆ. ದುರ್ತ್‌ಲಾಂಗ್‌ನ ಸಿನೊಡ್ ಆಸ್ಪತ್ರೆ ನೋಡಿ. ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲಿಗೂ ಹೋಗಿ. ಅಲ್ಲಿ ಅಜ್ಜ ಅಜ್ಜಿಯರೂ ತರಗತಿಯಲ್ಲಿ ಕೂತಿರುತ್ತಾರೆ, ಸಂಡೇ ಸ್ಕೂಲ್ ಮಕ್ಕಳಿಗೆ ಮಾತ್ರ ಅನ್ನುವುದು ನಮ್ಮ ಕಡೆಯ ಲೆಕ್ಕ. ಯಾರದ್ದಾದರೂ ಮನೆಗೆ ಕರೆದರೆ ಅಡುಗೆಮನೆಗೆ ಹೋಗಿ ಡಬ್ಬಿ ತೋರಿಸಲು ಕೇಳಿ.

ಬಂದ ಮೇಲೆ ಸ್ಲೈಡ್ ಶೋ ಬೇಡ. ಹೋದವರು ಒಂದೊಂದು ಮನೆಗೆ ಅಕ್ಕಿ ತರಲು ಹೋದಾಗ ಅಲ್ಲೇ ಕೂತು ಹೇಳಲಿ.

ಹೆಜ್ಜೆ 9: ಹತ್ತನೇ ತಿಂಗಳು

ಶುರುವಿನಲ್ಲಿ ಎಲ್ಲರಿಗೂ ಉತ್ಸಾಹ. ನಾಲ್ಕನೇ ತಿಂಗಳಿಗೆ ಕಡಿಮೆ. ಹತ್ತನೇ ತಿಂಗಳಿಗೆ ನಲವತ್ತು ಮನೆಯಲ್ಲಿ ಹನ್ನೆರಡು ಡಬ್ಬಿ ಮಾತ್ರ ಬಂತು. ಹೆಸರು ಓದಿ ನಾಚಿಕೆ ಪಡಿಸೋಣ ಅಂತ ಒಬ್ಬರು ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಮನೆ ಎಷ್ಟು ಕೊಟ್ಟಿತು ಅನ್ನುವುದು ಸಭೆಯ ಮುಂದೆ ಬರಲೇಬಾರದು. ಒಟ್ಟು ತೂಕ, ಒಟ್ಟು ಹಣ, ಎಲ್ಲಿಗೆ ಹೋಯಿತು, ಇಷ್ಟನ್ನು ಪ್ರತಿ ತಿಂಗಳು ಒಬ್ಬ ಯುವತಿ ಎರಡು ನಿಮಿಷದಲ್ಲಿ ಓದಿದರೆ ಸಾಕು. ನಿಂತುಹೋದ ಮನೆಗಳಿಗೆ ಇಬ್ಬರು ಖಾಲಿ ಕೈಯಲ್ಲಿ ಹೋಗಿ, ಅಕ್ಕಿ ವಿಷಯ ಎತ್ತದೆ ಮಾತಾಡಿ ಬರಲಿ. ನಮ್ಮಲ್ಲಿ ಹಾಗೆ ಹೋದಾಗ ಒಂದು ಮನೆಯಲ್ಲಿ ಕೆಲಸ ಹೋಗಿದ್ದು ಗೊತ್ತಾಯಿತು. ಆ ತಿಂಗಳ ಒಂದು ಮೂಟೆ ಅಲ್ಲಿಗೇ ಹೋಯಿತು. ಲೆಕ್ಕದ ಪುಸ್ತಕದಲ್ಲಿ "ಊರೊಳಗೆ" ಅಂತ ಬರೆದರು.

ಲೆಕ್ಕದ ಪುಸ್ತಕ ಪ್ರತಿ ಏಪ್ರಿಲ್‌ನಲ್ಲಿ ಕೈ ಬದಲಾಗುತ್ತದೆ. ಬಿಟ್ಟುಕೊಡುವವರು ಹೊಸಬರ ಜೊತೆ ಮೂರು ತಿಂಗಳು ಮನೆಮನೆ ಸುತ್ತಬೇಕು, ಯಾವ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ, ಯಾವ ಮನೆಯ ನಾಯಿ ಕಚ್ಚುತ್ತದೆ ಅನ್ನುವುದೂ ಸೇರಿ ಎಲ್ಲ ಹೇಳಿಕೊಡಬೇಕು. ಈ ವರ್ಷ ಪುಸ್ತಕ ಹತ್ತೊಂಬತ್ತು ವರ್ಷದ ಒಬ್ಬಳ ಕೈಯಲ್ಲಿದೆ. ಮೊದಲ ವಾರವೇ ನನ್ನ ಕಾಲದ ಕೂಡುವ ಲೆಕ್ಕದಲ್ಲಿ ಎರಡು ತಪ್ಪು ಹಿಡಿದಳು.